ಹಾಟ್ ಡಾಗ್ ಸ್ಯಾಂಡ್‌ವಿಚ್ ಹೌದೋ ಅಲ್ಲವೋ: ನಿರ್ಧರಿಸುವ ಕ್ರಮ

ಹಾಟ್ ಡಾಗನ್ನು ಸ್ಯಾಂಡ್‌ವಿಚ್ ಎಂದು ಎಣಿಸಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಊಟದ ಮೇಜಿನಿಂದ ತೆರಿಗೆ ಇಲಾಖೆಯವರೆಗೂ ಹೋಗಿದೆ. ವಾದ ಮಾಡುವ ಇಬ್ಬರೂ ಸ್ಯಾಂಡ್‌ವಿಚ್ ಎಂಬ ಪದಕ್ಕೆ ಬೇರೆ ಬೇರೆ ಅರ್ಥ ಇಟ್ಟುಕೊಂಡಿರುವುದರಿಂದ ಅದು ಬಗೆಹರಿಯದೆ ಉಳಿಯುತ್ತದೆ. ಆದುದರಿಂದ ತೀರ್ಮಾನಕ್ಕಿಂತ ಮುಂಚೆ ಅರ್ಥವನ್ನು ಗೊತ್ತುಮಾಡಿಕೊಳ್ಳಬೇಕು. 2018ರಲ್ಲಿ ಕಿರುತೆರೆ ನಿರೂಪಕ ಸ್ಟೀಫನ್ ಕೋಲ್ಬೇರ್ ಈ ಪ್ರಶ್ನೆ ಕೇಳಿದಾಗ, ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಅವರು ಸ್ಯಾಂಡ್‌ವಿಚ್ ಎಂದರೇನೆಂದು ಮೊದಲು ಹೇಳುವಂತೆ ಸೂಚಿಸಿ, ಎರಡು ಬ್ರೆಡ್ ತುಂಡುಗಳ ನಡುವೆ ಏನನ್ನಾದರೂ ಇಟ್ಟದ್ದು ಎಂಬ ವಿವರಣೆ ಬಂದ ಮೇಲೆಯೇ, ಹಾಗಾದರೆ ಹೌದು ಎಂದು ಉತ್ತರಿಸಿದರು. ನಾವು ಅನುಸರಿಸಬೇಕಾದ ಕ್ರಮವೂ ಇದೇ.

ಮೊದಲು ತಿಂಡಿಯನ್ನೇ ಗಮನಿಸಿ. ಉದ್ದನೆಯ ಮೆತ್ತನೆಯ ಬನ್ನನ್ನು ಒಂದು ಮಗ್ಗುಲಲ್ಲಿ ಮಾತ್ರ ಸೀಳಿ, ಇನ್ನೊಂದು ಮಗ್ಗುಲು ಅಂಟಿಕೊಂಡಿರುವಂತೆಯೇ ಬಿಟ್ಟು, ನಡುವೆ ಬಿಸಿ ಸಾಸೇಜ್ ಇಡುತ್ತಾರೆ. ತಕರಾರಿನ ಬಹುಪಾಲು ಹುಟ್ಟುವುದು ಆ ಅಂಟಿಕೊಂಡ ಮಗ್ಗುಲಿನಿಂದ.

ಅನಂತರ ನಿಮ್ಮ ವ್ಯಾಖ್ಯೆಯನ್ನು ಒಂದು ವಾಕ್ಯದಲ್ಲಿ ಬರೆದಿಟ್ಟುಕೊಳ್ಳಿ. ನಿಘಂಟನ್ನು ನೋಡಿದರಾಯಿತು ಎನ್ನುವಂತಿಲ್ಲ. ಮೆರಿಯಮ್-ವೆಬ್‌ಸ್ಟರ್ ಸಂಸ್ಥೆಯ ದೊಡ್ಡ ನಿಘಂಟು, ಸಾಮಾನ್ಯವಾಗಿ ಬೆಣ್ಣೆ ಸವರಿದ ಎರಡು ತೆಳು ಬ್ರೆಡ್ ತುಂಡುಗಳ ನಡುವೆ ಮಾಂಸವನ್ನೋ ಚೀಸನ್ನೋ ತೆಳುವಾಗಿ ಹರಡಿದ್ದು ಎನ್ನುತ್ತದೆ, ಅದರಂತೆ ಹಾಟ್ ಡಾಗ್ ಹೊರಗುಳಿಯುತ್ತದೆ. ಅದೇ ಸಂಸ್ಥೆ ಇನ್ನೊಂದು ವ್ಯಾಖ್ಯೆಯಲ್ಲಿ ಸೀಳಿದ ಬನ್ನನ್ನೂ ಸೇರಿಸಿರುವುದರಿಂದ, 2016ರಲ್ಲಿ ಹಾಟ್ ಡಾಗ್ ಸ್ಯಾಂಡ್‌ವಿಚ್ಚೇ ಎಂದು ಸಾರಿತು. ಅದಕ್ಕೂ ಮುಂಚೆ, 2015ರ ನವೆಂಬರ್‌ನಲ್ಲಿ, ಅಮೆರಿಕದ ರಾಷ್ಟ್ರೀಯ ಹಾಟ್ ಡಾಗ್ ಮತ್ತು ಸಾಸೇಜ್ ಮಂಡಳಿಯು ಅದು ಸ್ಯಾಂಡ್‌ವಿಚ್ ಅಲ್ಲವೆಂದೂ ತನ್ನದೇ ಆದ ವರ್ಗವೆಂದೂ ಘೋಷಿಸಿತ್ತು. ಇದು ಆ ಪದಾರ್ಥವನ್ನು ಮಾರುವವರ ಮಂಡಳಿ ಎಂಬುದನ್ನು ಮರೆಯದೆ ಅದರ ಮಾತನ್ನು ತೂಗಬೇಕು.

ಬರೆದಿಟ್ಟ ವ್ಯಾಖ್ಯೆಯನ್ನು ಈಗ ನೆರೆಯ ತಿಂಡಿಗಳ ಮೇಲೆ ಪ್ರಯೋಗಿಸಿ. ಇದು ಅತ್ಯಂತ ಮುಖ್ಯವಾದ ಹಂತ, ಹೆಚ್ಚಿನವರು ಬಿಟ್ಟುಬಿಡುವ ಹಂತವೂ ಹೌದು. ಬ್ರೆಡ್ ಎರಡು ಬಿಡಿ ತುಂಡುಗಳಾಗಿಯೇ ಇರಬೇಕೆಂದು ನೀವು ಹಟ ಹಿಡಿದರೆ, ಉದ್ದನೆಯ ಬ್ರೆಡ್ಡನ್ನು ಪೂರ್ತಿ ಕತ್ತರಿಸದೆ ಮಾಡುವ ಸಬ್‌ಮರೀನ್ ಸ್ಯಾಂಡ್‌ವಿಚ್, ಹೆಸರಿನಲ್ಲಿಯೇ ಸ್ಯಾಂಡ್‌ವಿಚ್ ಎಂದಿದ್ದರೂ, ಹೊರಗೆ ಹೋಗುತ್ತದೆ. ತಿನ್ನುವಾಗ ಬನ್ನಿನ ಮಗ್ಗುಲು ಹರಿದುಹೋದ ಹಾಟ್ ಡಾಗ್ ಮಾತ್ರ ಆ ಕ್ಷಣದಲ್ಲಿ ಒಳಗೆ ಬಂದುಬಿಡುತ್ತದೆ. ಇಂಥ ಫಲ ಕೊಡುವ ವ್ಯಾಖ್ಯೆಯನ್ನು ಕೈಬಿಡುವುದೇ ಸರಿ. ಮತ್ತೊಂದು ಕಡೆ, ಹಿಟ್ಟಿನ ಹೊದಿಕೆಯೊಳಗೆ ಏನಿದ್ದರೂ ಸಾಕು ಎಂದರೆ ಹೂರಣ ತುಂಬಿದ ಹೋಳಿಗೆಯೂ ಸ್ಯಾಂಡ್‌ವಿಚ್ ಆಗಬೇಕಾಗುತ್ತದೆ, ಅದನ್ನು ಯಾರೂ ಒಪ್ಪಲಾರರು. ಎರಡು ಅತಿಗಳನ್ನೂ ಬಿಟ್ಟು ನೋಡಿದರೆ, ಸೀಳಿದ ಬನ್ನನ್ನು ಒಳಗೊಳ್ಳುವ ವ್ಯಾಖ್ಯೆಯೇ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ವರ್ಗದ ದೃಷ್ಟಿಯಿಂದ ಹಾಟ್ ಡಾಗ್ ಸ್ಯಾಂಡ್‌ವಿಚ್ ಹೌದು.

ಆದರೆ ಪ್ರಶ್ನೆ ಕೇಳುತ್ತಿರುವವರು ಯಾರು, ಯಾವ ಉದ್ದೇಶಕ್ಕೆ ಕೇಳುತ್ತಿದ್ದಾರೆ ಎಂಬುದನ್ನೂ ವಿಚಾರಿಸಬೇಕು. ತೆರಿಗೆಗಾಗಿ ಎಂದಾದರೆ ನಿಮ್ಮ ಅಭಿಪ್ರಾಯಕ್ಕೆ ಬೆಲೆಯಿಲ್ಲ, ಆಯಾ ರಾಜ್ಯದ ನಿಯಮವನ್ನೇ ತೆರೆದು ನೋಡಿ. ನ್ಯೂಯಾರ್ಕ್ ರಾಜ್ಯದ ಮಾರಾಟ ತೆರಿಗೆಯ ವಿವರಣೆಯಲ್ಲಿ ಬನ್ನಿನಲ್ಲಿಟ್ಟ ಹಾಟ್ ಡಾಗ್, ತೆಳು ರೊಟ್ಟಿಯಲ್ಲಿ ಪಲ್ಯ ಮಾಂಸಗಳನ್ನು ಸುತ್ತಿದ ಬರಿಟೊ, ಕೊನೆಗೆ ಬೆಣ್ಣೆ ಸವರಿದ ಬೇಗಲ್ ಎಂಬ ಬಳೆಯಾಕಾರದ ಬ್ರೆಡ್ ಕೂಡ ಸ್ಯಾಂಡ್‌ವಿಚ್ಚೇ. ಆ ಅಳತೆಯಲ್ಲಿ ನಮ್ಮ ಬೇಕರಿಗಳ ಬೆಣ್ಣೆ ಬನ್ನೂ ಸ್ಯಾಂಡ್‌ವಿಚ್ ಆಗುತ್ತದೆ. ತಿನ್ನಲು ಕೊಂಡುತರುವ ಮಾತಾದರೆ ಬಳಕೆಯನ್ನೇ ಅನುಸರಿಸಿ: ಸ್ಯಾಂಡ್‌ವಿಚ್ ತರಲು ಹೇಳಿದವರಿಗೆ ಹಾಟ್ ಡಾಗ್ ತಂದುಕೊಟ್ಟರೆ ಅವರು ಬೇಸರಪಡುವುದು ನ್ಯಾಯವೇ, ಏಕೆಂದರೆ ಸ್ವಂತ ಹೆಸರುಳ್ಳ ತಿಂಡಿಯನ್ನು ಆ ಹೆಸರಿನಿಂದಲೇ ಕೇಳುವುದು ರೂಢಿ.

ಅಂಗಡಿಯ ಬಾಡಿಗೆ ಕರಾರು ಬರೆಯುವವರು ಇನ್ನೂ ಎಚ್ಚರ ವಹಿಸಬೇಕು. ಮ್ಯಾಸಚೂಸೆಟ್ಸ್‌ನ ಒಂದು ವಾಣಿಜ್ಯ ಸಂಕೀರ್ಣದಲ್ಲಿ ಬೇರೊಂದು ಸ್ಯಾಂಡ್‌ವಿಚ್ ಅಂಗಡಿಗೆ ಜಾಗ ಕೊಡಬಾರದೆಂಬ ಷರತ್ತು ಪಡೆದಿದ್ದ ಪನೇರಾ ಮಳಿಗೆಯವರು ಬರಿಟೊ ಅಂಗಡಿಯನ್ನು ತಡೆಯಲು ಹೋದಾಗ, ಬರಿಟೊ ಸ್ಯಾಂಡ್‌ವಿಚ್ ಅಲ್ಲವೆಂದು ಅಲ್ಲಿನ ನ್ಯಾಯಾಲಯ 2006ರಲ್ಲಿ ಹೇಳಿತು. ಆದರೆ ಇಂಡಿಯಾನಾ ರಾಜ್ಯದ ಒಂದು ನ್ಯಾಯಾಲಯ 2024ರಲ್ಲಿ ಟ್ಯಾಕೊ (ಮಡಿಸಿದ ರೊಟ್ಟಿಯಲ್ಲಿ ತುಂಬಿ ಕೊಡುವ ತಿಂಡಿ) ಮತ್ತು ಬರಿಟೊಗಳು ಮೆಕ್ಸಿಕನ್ ಶೈಲಿಯ ಸ್ಯಾಂಡ್‌ವಿಚ್‌ಗಳೇ ಎಂದಿತು. ಆದುದರಿಂದ ಕರಾರಿನಲ್ಲಿ ಸ್ಯಾಂಡ್‌ವಿಚ್ ಎಂಬ ಒಂದೇ ಪದವನ್ನು ನೆಚ್ಚಿಕೊಳ್ಳದೆ, ಅದರಲ್ಲಿ ಹಾಟ್ ಡಾಗ್ ಸೇರಿದೆಯೋ ಇಲ್ಲವೋ ಎಂಬುದನ್ನು ಹೆಸರಿಟ್ಟು ಬರೆಸಿ, ಎರಡೂ ಕಡೆಯವರು ಓದಿದ ಮೇಲೆ ಸಹಿ ಹಾಕಿಸಿ.