ಒಂದನೇ ತರಗತಿಗೆ ಹೊರಟ ಮಗುವಿನ ಮನೆಯವರಿಗೆ

ದಾಖಲಾತಿಯ ದಿನ ಅವಸರ ಮಾಡಬೇಡಿ. ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅಂದು ಬರೆಸಿದ ಹೆಸರು, ಇನಿಷಿಯಲ್, ಹುಟ್ಟಿದ ತಾರೀಖು ಹತ್ತು ವರ್ಷ ಮಗುವಿನ ಬೆನ್ನಿಗೇ ಬಂದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯ ಮೇಲೆ ಕೂರುತ್ತವೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್ ಕಾರ್ಡಿನಲ್ಲಿ ಇನ್ನೊಂದು, ಅಂಗನವಾಡಿ ಪುಸ್ತಕದಲ್ಲಿ ಮತ್ತೊಂದು ಹೆಸರಿದ್ದರೆ ಶಾಲೆಗೆ ಹೋಗುವ ಮೊದಲೇ ಸರಿ ಮಾಡಿಸಿಕೊಳ್ಳಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಹೆಸರನ್ನು ದೊಡ್ಡ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಂಡು ಹೋಗಿ ಮೇಷ್ಟ್ರ ಮುಂದಿಡಿ, ಬರೆದಾದ ಮೇಲೆ ಒಂದೊಂದೇ ಅಕ್ಷರ ಓದಿ ನೋಡಿ. ಆಗ ತಿದ್ದುವುದು ಎರಡು ನಿಮಿಷದ ಕೆಲಸ. ಹತ್ತನೇ ತರಗತಿಗೆ ಬಂದ ಮೇಲೆ ಅದೇ ತಪ್ಪಿಗೆ ತಿಂಗಳುಗಟ್ಟಲೆ ಓಡಾಟ. ಮಗುವಿಗೆ ಸ್ಯಾಟ್ಸ್ ಸಂಖ್ಯೆ, ಅಂದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿ ಮಗುವಿನ ಗುರುತಿನ ಸಂಖ್ಯೆ ಸಿಗುತ್ತದೆ, ಅದನ್ನು ಕೇಳಿ ಬರೆದಿಟ್ಟುಕೊಳ್ಳಿ. ಮಗುವಿಗೆ 5 ವರ್ಷ ತುಂಬಿದ ಮೇಲೆ ಆಧಾರಿಗೆ ಬೆರಳಚ್ಚು ಮತ್ತು ಕಣ್ಣಿನ ಗುರುತು ಹೊಸದಾಗಿ ಕೊಡಬೇಕು. ಅದನ್ನು ಮರೆತು, ಮುಂದೆ ವಿದ್ಯಾರ್ಥಿವೇತನದ ಅರ್ಜಿ ಹಾಕುವಾಗ ಒದ್ದಾಡುವವರು ಬಹಳ. ಫೋನ್ ನಂಬರ್ ಬದಲಾಯಿಸಿದರೆ ಶಾಲೆಗೆ ತಿಳಿಸಿ. ಮಗು ಬಿದ್ದು ಏಟಾದಾಗ ಅವರು ಕರೆಯುವುದು ಅದೇ ನಂಬರಿಗೆ.

ಶಾಲೆ ತೆರೆಯುವುದು ಮೇ ತಿಂಗಳ ಕೊನೆಯ ವಾರ. ಅದಕ್ಕೆ ಹದಿನೈದು ದಿನ ಮೊದಲು ಮಗು ಮಲಗುವ ಹೊತ್ತನ್ನು ತಿದ್ದಲು ಶುರು ಮಾಡಿ. ಬೇಸಿಗೆ ರಜೆಯಲ್ಲಿ ಹತ್ತೂವರೆಗೆ ಮಲಗುತ್ತಿದ್ದ ಮಗು ಒಂದೇ ರಾತ್ರಿಗೆ ಒಂಬತ್ತಕ್ಕೆ ಕಣ್ಣು ಮುಚ್ಚುವುದಿಲ್ಲ. ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆ ಮುಂಚೆ ಮಲಗಿಸುತ್ತ ಬಂದರೆ ಶಾಲೆ ಶುರುವಾಗುವ ಹೊತ್ತಿಗೆ ತಾನಾಗಿ ಹೊಂದಿಕೊಳ್ಳುತ್ತದೆ. ಆರು ವರ್ಷದ ಮಗುವಿಗೆ ಒಂಬತ್ತು ಗಂಟೆ ನಿದ್ದೆ ಬೇಕೇ ಬೇಕು, ಹತ್ತು ಸಿಕ್ಕರೆ ಇನ್ನೂ ಒಳ್ಳೆಯದು. ನಿದ್ದೆ ಸಾಲದ ಮಗು ‘ನಿದ್ದೆ ಬರುತ್ತಿದೆ’ ಎಂದು ಹೇಳುವುದಿಲ್ಲ. ಬೆಳಿಗ್ಗೆ ಸಾಕ್ಸ್ ಹಾಕುವಾಗ ಅಳುತ್ತದೆ, ಪಕ್ಕದ ಮಗುವಿಗೆ ಹೊಡೆಯುತ್ತದೆ, ಊಟವಾದ ಮೇಲೆ ತೂಕಡಿಸುತ್ತದೆ. ನಾವು ಅದನ್ನು ಹಟ ಎಂದುಕೊಳ್ಳುತ್ತೇವೆ. ಮಲಗುವ ಅರ್ಧ ಗಂಟೆ ಮೊದಲು ಟಿವಿ, ಮೊಬೈಲ್ ಆರಿಸಿ. ಇದು ಮಗುವಿಗೆ ಮಾತ್ರ ಅಲ್ಲ, ಆ ಕೋಣೆಯಲ್ಲಿರುವ ಎಲ್ಲರಿಗೂ.

ಬೆಳಗಿನ ತಿಂಡಿಯ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಶಾಲೆಯಲ್ಲಿ ಹಾಲು ಕೊಡುತ್ತಾರಲ್ಲ’ ಎಂದು ಬರೀ ಹೊಟ್ಟೆಯಲ್ಲಿ ಕಳಿಸುವವರಿದ್ದಾರೆ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಮಗುವಿಗೆ 150 ಮಿಲಿ, ಅದಕ್ಕೆ ಬೀಳುವುದು 18 ಗ್ರಾಂ ಹಾಲಿನ ಪುಡಿ. ಒಂದು ಸಣ್ಣ ಲೋಟ. ಅದು ತಿಂಡಿಯ ಮೇಲೆ ಕುಡಿಯುವ ಹಾಲು, ತಿಂಡಿಗೆ ಬದಲಾಗಿ ಅಲ್ಲ. ಪ್ರಾರ್ಥನೆಯ ಸಾಲಿನಲ್ಲಿ ನಾಡಗೀತೆ ಮುಗಿಯುವ ಮೊದಲೇ ತಲೆ ಸುತ್ತಿ ಕೂರುವ ಮಕ್ಕಳಲ್ಲಿ ಹೆಚ್ಚಿನವರು ಏನೂ ತಿನ್ನದೆ ಬಂದವರು. ಮುದ್ದೆಯೋ ರೊಟ್ಟಿಯೋ ಉಪ್ಪಿಟ್ಟೋ ರಾತ್ರಿಯ ಅನ್ನಕ್ಕೆ ಒಗ್ಗರಣೆಯೋ, ಏನಿದ್ದರೂ ಸರಿ, ಹೊರಡುವ ಮುಕ್ಕಾಲು ಗಂಟೆ ಮೊದಲು ತಿನ್ನಿಸಿ. ಯಾಕೆ ಮುಕ್ಕಾಲು ಗಂಟೆ ಎಂದರೆ, ಬಿಸಿ ಆಹಾರ ಹೊಟ್ಟೆಗೆ ಬಿದ್ದ ಸ್ವಲ್ಪ ಹೊತ್ತಿಗೆ ಕಕ್ಕಸಿಗೆ ಹೋಗಬೇಕೆನಿಸುತ್ತದೆ. ಆಗ ಹತ್ತು ನಿಮಿಷ ನೆಮ್ಮದಿಯಾಗಿ ಕೂರಲು ಬಿಡಬೇಕು. ಅವಸರದಲ್ಲಿ ಹೊರಟ ಮಗು ಶಾಲೆಯಲ್ಲಿ ನಾಚಿಕೊಂಡು ತಡೆದುಕೊಳ್ಳುತ್ತದೆ. ನಾಲ್ಕು ದಿನ ಹೀಗಾದರೆ ಮಲ ಗಟ್ಟಿಯಾಗಿ ಹೊಟ್ಟೆನೋವು. ಶನಿವಾರ ಬೆಳಗಿನ ಶಾಲೆಯಾದ್ದರಿಂದ ಶುಕ್ರವಾರ ರಾತ್ರಿಯೇ ಎಲ್ಲ ಒಂದು ಗಂಟೆ ಮುಂಚೆ ಆಗಬೇಕು.

ಬಟ್ಟೆಯ ಬಗ್ಗೆ. ಚಡ್ಡಿ, ಲಂಗ, ಪ್ಯಾಂಟು ಯಾವುದೇ ಆಗಲಿ, ಮಗು ತಾನೇ ಬಿಚ್ಚಿ ತಾನೇ ಹಾಕಿಕೊಳ್ಳುವಂತಿರಬೇಕು. ಬಿಗಿ ಹುಕ್ಕು, ಲಾಡಿ, ಗಟ್ಟಿ ಗುಂಡಿ ಇದ್ದರೆ ಸೊಂಟಕ್ಕೆ ಎಲಾಸ್ಟಿಕ್ ಹಾಕಿಸಿ. ಒಂದನೇ ತರಗತಿಯಲ್ಲಿ ಬಟ್ಟೆ ಒದ್ದೆಯಾಗುವುದು ಹೆಚ್ಚಾಗಿ ಹೇಳದೆ ಇದ್ದುದರಿಂದಲ್ಲ, ಗುಂಡಿ ಬಿಚ್ಚಲು ತಡವಾದುದರಿಂದ. ಚೀಲದ ತಳದಲ್ಲಿ ಒಂದು ಚಡ್ಡಿ, ಒಂದು ಪ್ಲಾಸ್ಟಿಕ್ ಕವರ್ ಇಡಿ, ಅದು ಅಲ್ಲಿದೆ ಎಂದು ಮಗುವಿಗೂ ತೋರಿಸಿ. ಕುಕ್ಕರಗಾಲಲ್ಲಿ ಕೂರುವುದು, ತೊಳೆದುಕೊಳ್ಳುವುದು, ನೀರು ಸುರಿಯುವುದು, ಸೋಪು ಹಚ್ಚಿ ಕೈ ತೊಳೆಯುವುದು ರಜೆಯಲ್ಲೇ ಅಭ್ಯಾಸವಾಗಲಿ. ಮನೆಯಲ್ಲಿ ಕುರ್ಚಿಯಂಥ ಕಮೋಡಿದ್ದರೆ ಇದು ಇನ್ನೂ ಮುಖ್ಯ. ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ಇಡೀ ದಿನ ನೀರೇ ಕುಡಿಯದೆ ಇರುವುದುಂಟು. ಸಂಜೆ ಬಾಟಲಿ ಎತ್ತಿ ನೋಡಿ. ಬೆಳಿಗ್ಗೆ ತುಂಬಿದ್ದು ಹಾಗೆಯೇ ಇದ್ದರೆ ಶಾಲೆಯ ಶೌಚಾಲಯ ಒಮ್ಮೆ ನೀವೇ ಹೋಗಿ ನೋಡಿ ಬನ್ನಿ. ಉರಿ, ಪದೇ ಪದೇ ಮೂತ್ರ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು ಕಂಡರೆ ಡಾಕ್ಟರಿಗೆ ತೋರಿಸಿ, ಮನೆಮದ್ದಿಗೆ ಕಾಯಬೇಡಿ.

ಬಿಸಿಯೂಟಕ್ಕೆ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ ಎಂದು ಲೆಕ್ಕ. ಹೊಟ್ಟೆ ತುಂಬುವ ಊಟವೇ. ಆದರೆ ಮನೆಯಲ್ಲಿ ಕೈತುತ್ತು ತಿಂದು ಬೆಳೆದ ಮಗು ಅಲ್ಲಿ ಅರ್ಧಕ್ಕೇ ಏಳುತ್ತದೆ. ಸುತ್ತ ಗದ್ದಲ, ಉಳಿದವರು ಎದ್ದು ಆಟಕ್ಕೆ ಓಡುತ್ತಿರುತ್ತಾರೆ. ಹಾಗಾಗಿ ಈಗಿನಿಂದಲೇ ನೆಲದ ಮೇಲೆ ಕೂರಿಸಿ, ತಟ್ಟೆ ಮುಂದಿಟ್ಟು, ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ ತಾನೇ ಕಲಸಿ ತಿನ್ನುವುದನ್ನು ರೂಢಿಸಿ. ಚೆಲ್ಲಿದರೆ ಚೆಲ್ಲಲಿ. ಮನೆಯಿಂದ ತಟ್ಟೆ ಲೋಟ ಒಯ್ಯುವ ಶಾಲೆಯಾದರೆ ಹಗುರವಾದ ಸ್ಟೀಲಿನದು ಕೊಡಿ, ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಯಾವುದು ನಡೆಯುತ್ತದೆ, ಯಾವ ಪದಾರ್ಥ ಮಗುವಿಗೆ ಒಗ್ಗುವುದಿಲ್ಲ ಎಂದು ಮೊದಲ ವಾರವೇ ಬರೆದು ಕೊಡಿ, ಮಗುವಿನ ಬಾಯಲ್ಲಿ ಹೇಳಿ ಕಳಿಸಬೇಡಿ. ಚೀಲದಲ್ಲಿ ಕುರುಕಲು ಪ್ಯಾಕೆಟ್ ಇಟ್ಟರೆ ಹನ್ನೊಂದಕ್ಕೆ ಅದು ಖಾಲಿ, ಮಧ್ಯಾಹ್ನ ಸಾಂಬಾರು ಅನ್ನ ಬೇಡ.

ವಾರಕ್ಕೊಮ್ಮೆ ಗುಲಾಬಿ ಬಣ್ಣದ ಕಬ್ಬಿಣಾಂಶದ ಮಾತ್ರೆ, ವರ್ಷಕ್ಕೆ ಎರಡು ಸಲ ಜಂತುಹುಳುವಿನ ಮಾತ್ರೆ ಶಾಲೆಯಲ್ಲೇ ಕೊಡುತ್ತಾರೆ. ಕಬ್ಬಿಣದ್ದನ್ನು ಊಟವಾದ ಮೇಲೆಯೇ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ತೊಳಸುತ್ತದೆ. ಮರುದಿನ ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಜಂತಿನ ಮಾತ್ರೆಯನ್ನು ಅಗಿದು ತಿನ್ನಬೇಕು. ಅಂದು ಮಗುವಿಗೆ ಜ್ವರವಿದ್ದರೆ ಟೀಚರಿಗೆ ಹೇಳಿ, ಬೇರೆ ದಿನ ಕೊಡುತ್ತಾರೆ. ಇಲ್ಲೇ ಇನ್ನೊಂದು ಮಾತು. ವಾರಕ್ಕೆ ಐದಾರು ಬಳಪ ಖರ್ಚಾಗುತ್ತಿದ್ದರೆ, ಬಾಯಿಯ ಅಂಚಿನಲ್ಲಿ ಬಿಳಿ ಗುರುತು ಕಂಡರೆ, ಮಗು ಬಳಪ ತಿನ್ನುತ್ತಿದೆ. ಬೈದು ಹೊಡೆದು ಬಿಡಿಸಲು ಆಗುವುದಿಲ್ಲ. ರಕ್ತ ಕಡಿಮೆಯಾದ ಮಕ್ಕಳಲ್ಲಿ ಈ ಚಪಲ ಸಾಮಾನ್ಯ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ.

ಚೀಲ ಹೊರುವ ಮೊದಲು ತೂಗಿ ನೋಡಿ. ಒಂದು ಮತ್ತು ಎರಡನೇ ತರಗತಿಗೆ ಒಂದೂವರೆಯಿಂದ ಎರಡು ಕೆ.ಜಿ. ಮೀರಬಾರದೆಂದು ರಾಜ್ಯ ಸರ್ಕಾರ 2019ರಲ್ಲಿ ಆದೇಶ ಮಾಡಿದೆ, ಈ ಎರಡು ತರಗತಿಗಳಿಗೆ ಹೋಂವರ್ಕ್ ಕೊಡಬಾರದೆಂದೂ ಇದೆ. ಅರ್ಧ ಲೀಟರ್ ನೀರೇ ಅರ್ಧ ಕೆ.ಜಿ. ಆಗುವುದರಿಂದ ದೊಡ್ಡ ಗಟ್ಟಿ ಚೀಲ ತರಬೇಡಿ. ಮಗುವಿನ ಬೆನ್ನಿಗಿಂತ ಅಗಲವಿರಬಾರದು, ತಳ ಸೊಂಟದ ಕೆಳಗೆ ಜೋಲಬಾರದು, ಎರಡೂ ಪಟ್ಟಿ ಹೆಗಲಿಗೆ ಹಾಕಬೇಕು. ಶನಿವಾರ ಸಂಜೆ ಚೀಲವನ್ನು ನೆಲಕ್ಕೆ ಸುರಿದರೆ ಕಲ್ಲು, ಬೀಜ, ಪೆನ್ಸಿಲ್ ಸಿಪ್ಪೆ, ಎರಡು ದಿನ ಹಳೆಯ ಸೂಚನೆಯ ಚೀಟಿ ಎಲ್ಲ ಸಿಗುತ್ತವೆ. ಸ್ಲೇಟು ಒರೆಸಲು ಒಂದು ಒದ್ದೆ ಬಟ್ಟೆ ಡಬ್ಬಿಯಲ್ಲಿ ಹಾಕಿ ಕೊಡಿ, ಇಲ್ಲದಿದ್ದರೆ ಉಗುಳಿ ಒರೆಸುತ್ತಾರೆ.

ಪಾಠದ ವಿಷಯಕ್ಕೆ ಬಂದರೆ, ಮನೆಯವರು ಹೆಚ್ಚು ಗಾಬರಿಯಾಗುವುದು ಇಲ್ಲೇ. ಒಂದು ತಿಂಗಳಾದರೂ ಮಗುವಿಗೆ ಅ ಆ ಇ ಈ ಬರುವುದಿಲ್ಲ, ಟೀಚರ್ ಏನೂ ಕಲಿಸುತ್ತಿಲ್ಲ ಎಂಬ ದೂರು. ಸರ್ಕಾರಿ ಶಾಲೆಯ ನಲಿಕಲಿ ಎಂಬ ಕಲಿಸುವ ಕ್ರಮದಲ್ಲಿ ಅಕ್ಷರ ವರ್ಣಮಾಲೆಯ ಸಾಲಿನಲ್ಲಿ ಬರುವುದಿಲ್ಲ. ಮೊದಲು ರ, ಗ, ಸ, ದ, ಅ. ಬರೆಯಲು ಸುಲಭ, ಒಂದರ ತಿರುವು ಇನ್ನೊಂದಕ್ಕೆ ಹತ್ತಿರ, ಮೇಲಾಗಿ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂದು ಓದಲು ಸಿಗುತ್ತದೆ. ಐವತ್ತು ಅಕ್ಷರ ಬಾಯಿಪಾಠ ಮಾಡಿದರೂ ಒಂದು ಪದ ಕೂಡಿಸಿ ಓದಲು ಬಾರದ ಮಗುವಿಗಿಂತ, ಐದು ಅಕ್ಷರದಲ್ಲಿ ‘ಗರಗಸ’ ಓದಿ ಹಿಗ್ಗುವ ಮಗು ಮುಂದಿದೆ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದ ಕ್ರಮ ಇದು, 2009ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಒಂದು, ಎರಡು, ಮೂರನೇ ತರಗತಿಯವರು ಒಟ್ಟಿಗೆ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗುಂಪಿಗೆ ತಟ್ಟೆ ಎನ್ನುತ್ತಾರೆ, ಒಟ್ಟು ಐದು ತಟ್ಟೆ. ಒಂದರಲ್ಲಿ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಕೊನೆಯದರಲ್ಲಿ ಮಗು ತಾನೇ ಮಾಡಬೇಕು, ನಡುವೆ ಸಹಪಾಠಿಗಳ ನೆರವು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮೆಟ್ಟಿಲುಗಳಿವೆ, ಪ್ರತಿ ಮೆಟ್ಟಿಲಿಗೊಂದು ಚಿತ್ರ, ಅದೇ ಚಿತ್ರದ ಕಾರ್ಡು. ಮಗು ತನ್ನ ಮೆಟ್ಟಿಲು ನೋಡಿ ಕಾರ್ಡು ಎತ್ತಿಕೊಳ್ಳುತ್ತದೆ. ಜ್ವರ ಬಂದು ವಾರ ಮಲಗಿದ್ದರೂ, ಬಂದ ದಿನ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ‘ಪಾಠ ಹೋಯಿತು’ ಎಂದು ಸುಸ್ತಾದ ಮಗುವನ್ನು ಕೂರಿಸಿ ಬರೆಸಬೇಡಿ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ‘ಇವತ್ತು ಏನು ಕಲಿತೆ’ ಎಂದರೆ ‘ಏನಿಲ್ಲ’ ಎಂಬ ಉತ್ತರ ಬರುತ್ತದೆ. ‘ಇವತ್ತು ಯಾವ ಚಿತ್ರದ ಕಾರ್ಡು, ಯಾವ ತಟ್ಟೆಯಲ್ಲಿ ಕೂತಿದ್ದೆ’ ಎಂದು ಕೇಳಿ, ಮಾತು ತಾನಾಗಿ ಹರಿಯುತ್ತದೆ. ಕಲಿತ ಅಕ್ಷರವನ್ನು ಬಸ್ಸಿನ ಬೋರ್ಡಿನಲ್ಲಿ, ನ್ಯಾಯಬೆಲೆ ಅಂಗಡಿಯ ಗೋಡೆಯಲ್ಲಿ, ಬೆಲ್ಲ ಕಟ್ಟಿದ ಪೇಪರಿನಲ್ಲಿ ಹುಡುಕಿಸಿ. ರಾತ್ರಿ ಹದಿನೈದು ನಿಮಿಷ ನೀವು ಏನಾದರೂ ಓದಿ ಹೇಳಿ. ಓದಲು ಬಾರದ ಅಜ್ಜಿ ಕಥೆ ಹೇಳಿದರೂ, ಒಗಟು ಕೇಳಿದರೂ ಅದೇ ಫಲ, ಪದಗಳ ಗಂಟು ದೊಡ್ಡದಾಗುತ್ತದೆ. ಲೆಕ್ಕಕ್ಕೆ ತೆಂಗಿನ ಗರಿಯ ಕಡ್ಡಿ ಸಾಕು. ಹತ್ತು ಕಡ್ಡಿಗೆ ದಾರ ಕಟ್ಟಿ ಒಂದು ಕಟ್ಟು ಮಾಡಿ. ಎರಡು ಕಟ್ಟು ಮೂರು ಬಿಡಿ ಕಡ್ಡಿ ಎಂದರೆ 23 ಎಂದು ಕೈಯಲ್ಲಿ ಹಿಡಿದು ನೋಡಿದ ಮಗು ಮುಂದೆ 23 ಮತ್ತು 32ರ ನಡುವೆ ತಡವರಿಸುವುದಿಲ್ಲ. ಬರೆಯುವುದಕ್ಕೆ ಅವಸರ ಬೇಡ. ಹಿಟ್ಟು ನಾದುವುದು, ಅವರೆಕಾಯಿ ಸುಲಿಯುವುದು, ಹೂ ಪೋಣಿಸುವುದು ಬೆರಳಿಗೆ ಬಲ ಕೊಡುತ್ತವೆ. ಎಡಗೈಯಲ್ಲಿ ಬರೆಯುವ ಮಗುವನ್ನು ಬಲಗೈಗೆ ತಿರುಗಿಸಬೇಡಿ. ಅಕ್ಷರ ಅಂಕಿ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಬರುವುದು ಆರು, ಏಳು ವರ್ಷದವರೆಗೆ ಸಹಜ. ಎರಡನೇ ತರಗತಿ ಮುಗಿದರೂ ಹಾಗೆಯೇ ಇದ್ದರೆ ಟೀಚರ ಜೊತೆ ಮಾತಾಡಿ. ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದರೆ, ಬೋರ್ಡು ನೋಡಲು ಕಣ್ಣು ಕಿರಿದು ಮಾಡಿದರೆ ದಡ್ಡತನ ಎಂದುಕೊಳ್ಳುವ ಮೊದಲು ಕಣ್ಣು ಪರೀಕ್ಷೆ ಮಾಡಿಸಿ.

ನೆಗಡಿಗೆಲ್ಲ ಮನೆಯಲ್ಲಿ ಉಳಿಸಿಕೊಳ್ಳಬೇಡಿ. ಜ್ವರ ಬಂದರೆ ಮಾತ್ರ, ಔಷಧ ಕೊಡದೆಯೂ ಒಂದು ಪೂರ್ತಿ ದಿನ ಜ್ವರವಿಲ್ಲ ಎಂದಾದ ಮೇಲೆ ಕಳಿಸಿ. ಸಿಡುಬಿನಂಥ ಗುಳ್ಳೆ ಎದ್ದಿದ್ದರೆ ಎಲ್ಲ ಗುಳ್ಳೆ ಒಣಗಿ ಹೊಪ್ಪಳೆ ಕಟ್ಟುವ ತನಕ ಬೇಡ. ಕಜ್ಜಿಗೆ ಔಷಧ ಹಚ್ಚುವಾಗ ಮನೆಯವರೆಲ್ಲ ಒಂದೇ ರಾತ್ರಿ ಹಚ್ಚಿಕೊಳ್ಳಬೇಕು, ಇಲ್ಲದಿದ್ದರೆ ಒಬ್ಬರಿಂದ ಒಬ್ಬರಿಗೆ ಸುತ್ತುತ್ತಲೇ ಇರುತ್ತದೆ. ಹೇನಿಗೆ ಶಾಲೆ ಬಿಡಿಸಬೇಕಾಗಿಲ್ಲ. ಎಣ್ಣೆ ಹಚ್ಚಿ ಹೇನು ಹಣಿಗೆಯಲ್ಲಿ ಮೂರು ದಿನಕ್ಕೊಮ್ಮೆ, ಎರಡು ವಾರ ಬಾಚಿ. ಒಂದೇ ಸಲ ಬಾಚಿ ನಿಲ್ಲಿಸಿದರೆ ಉಳಿದ ಸೀರು ವಾರದಲ್ಲಿ ಒಡೆದು ಮತ್ತೆ ತಲೆತುಂಬ ಹೇನು. ಜಾತ್ರೆಗೆ, ಮದುವೆಗೆ ಹೋಗುವುದಿದ್ದರೆ ಮೊದಲೇ ರಜಾ ಚೀಟಿ ಕೊಡಿ.

ಹೊಟ್ಟೆನೋವು ಸೋಮವಾರ ಬೆಳಿಗ್ಗೆ ಮಾತ್ರ ಬಂದು ಭಾನುವಾರ ಮಾಯವಾಗುತ್ತಿದ್ದರೆ ಸುಳ್ಳು ಎಂದು ತಳ್ಳಬೇಡಿ. ನೋವು ನಿಜವಿರಬಹುದು, ಕಾರಣ ಹೊಟ್ಟೆಯಲ್ಲಿ ಇರಲಿಕ್ಕಿಲ್ಲ. ಯಾರಾದರೂ ಹೊಡೆಯುತ್ತಾರೆಯೇ, ಶೌಚಾಲಯದ ಭಯವೇ, ಪಕ್ಕದಲ್ಲಿ ಕೂರುವ ಗೆಳೆಯ ಬರುವುದು ನಿಂತಿತೇ ಎಂದು ಸ್ನಾನ ಮಾಡಿಸುವಾಗ, ತಲೆ ಬಾಚುವಾಗ ಮೆಲ್ಲಗೆ ಕೇಳಿ. ಎದುರು ನಿಲ್ಲಿಸಿ ಕೇಳಿದರೆ ಬಾಯಿ ಬಿಡುವುದಿಲ್ಲ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ನಿಷೇಧಿಸಿದೆ. ಅಂಥದ್ದೇನಾದರೂ ಇದ್ದರೆ ಮೊದಲು ಮುಖ್ಯೋಪಾಧ್ಯಾಯರ ಬಳಿ, ನಂತರ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಮುಂದೆ ಹೇಳಿ, ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇದೆ. ಆ ಸಮಿತಿಯಲ್ಲಿ ಆಯ್ಕೆಯಾಗುವವರು ಮಕ್ಕಳ ತಂದೆ ತಾಯಂದಿರೇ. ಶೌಚಾಲಯಕ್ಕೆ ನೀರಿಲ್ಲ, ಕಾಂಪೌಂಡ್ ಬಿದ್ದಿದೆ ಎಂಬ ಮಾತುಗಳಿಗೆ ಅದೇ ಜಾಗ.

ವರ್ಷದಲ್ಲಿ ನಾಲ್ಕು ರೂಪಣಾತ್ಮಕ (ಕಲಿಯುತ್ತಿರುವಾಗಲೇ ನಡುನಡುವೆ ನೋಡುವುದು), ಎರಡು ಸಂಕಲನಾತ್ಮಕ (ಅವಧಿಯ ಕೊನೆಗೆ ನೋಡುವುದು) ಮೌಲ್ಯಮಾಪನ ಇರುತ್ತವೆ. ಪೋಷಕರ ಸಭೆಗೆ ಹೋದಾಗ ಶ್ರೇಣಿ ಎ ಬಂತೋ ಬಿ ಬಂತೋ ಎಂದಷ್ಟೇ ನೋಡಿ ಸಹಿ ಹಾಕಿ ಬರಬೇಡಿ. ಮಗುವಿನ ಮುನ್ನಡೆ ಗುರುತಿಸುವ ಪ್ರಗತಿ ನೋಟ ಎಂಬ ಪಟ್ಟಿಯಲ್ಲಿ ಯಾವ ಮೆಟ್ಟಿಲಿನಲ್ಲಿದ್ದಾನೆ, ಎಲ್ಲಿ ಬಹಳ ದಿನ ನಿಂತ, ಯಾರ ಜೊತೆ ಕೂರುತ್ತಾನೆ, ಊಟ ಪೂರ್ತಿ ಮಾಡುತ್ತಾನೆಯೇ ಎಂದು ಕೇಳಿ. ಮನೆಯಲ್ಲಿ ಆದ ಬದಲಾವಣೆಯನ್ನೂ ಹೇಳಿ. ತಮ್ಮ ಹುಟ್ಟಿದ್ದು, ಅಪ್ಪ ಬೇರೆ ಊರಿಗೆ ದುಡಿಯಲು ಹೋದದ್ದು, ಅಜ್ಜ ತೀರಿಕೊಂಡದ್ದು ತಿಳಿದಿದ್ದರೆ ಇದ್ದಕ್ಕಿದ್ದಂತೆ ಮಂಕಾದ ಮಗುವನ್ನು ಟೀಚರ್ ಬೇರೆ ರೀತಿಯಲ್ಲಿ ನೋಡುತ್ತಾರೆ. ಕೂಲಿ ಬಿಟ್ಟು ಸಭೆಗೆ ಬರಲು ಆಗದವರು ಬೆಳಿಗ್ಗೆ ಪ್ರಾರ್ಥನೆಗೆ ಹತ್ತು ನಿಮಿಷ ಮೊದಲು ಮಗುವಿನ ಜೊತೆಯಲ್ಲೇ ಗೇಟಿನವರೆಗೆ ನಡೆದು ಹೋದರೂ ಇಷ್ಟು ಮಾತು ಆಗುತ್ತದೆ.