ಬೇಯಂಗಿಲ್ಲ… ನಿನ್ನ ಬೇಳೆ

ನನ್ನ ಮೊದಲ ರ್ಯಾಪ್ ಬ್ಯಾಟಲ್ (ಪ್ರಾಸ ಕಟ್ಟಿ ಒಬ್ಬರನ್ನೊಬ್ಬರು ಹೀಯಾಳಿಸುವ ಪಂದ್ಯ) ನಡೆದದ್ದು ಕಲಬುರಗಿಯ ಅಪ್ಪನ ಕೆರೆ ಹತ್ತಿರ, ಗೆಳೆಯನ ಮನೆ ಮಾಳಿಗೆ ಮೇಲೆ. ಮೈಕ್ ಇಲ್ಲ, ಬೀಟ್ ಇಲ್ಲ, ಸುತ್ತ 30 ಹುಡುಗರು, ಮೂರು ರೌಂಡ್. ಟೊರೊಂಟೊದಲ್ಲಿ 2008ರಲ್ಲಿ ಶುರುವಾದ ಕಿಂಗ್ ಆಫ್ ದ ಡಾಟ್, ಮರುವರ್ಷ ಬಂದ ನ್ಯೂಯಾರ್ಕಿನ ಯುಆರ್‌ಎಲ್ (ಅಲ್ಟಿಮೇಟ್ ರ್ಯಾಪ್ ಲೀಗ್), ಈ ಎರಡು ಬ್ಯಾಟಲ್ ಲೀಗ್‌ಗಳ ವಿಡಿಯೋ ನೋಡಿಯೇ ಕಲಿತವರು ನಾವು. ಅಲ್ಲಿಯವರ ಹಾಗೇ ಮೊದಲೇ ಬರೆದು, ಬಾಯಿಪಾಠ ಮಾಡಿ ಬಂದಿದ್ದೆವು.

ನಾನು ಒಂದು ತಿಂಗಳು ಬರೆದಿದ್ದೆ. ನನಗೆ ಭಾಳ ಇಷ್ಟವಾದ ಸಾಲು ಇದು:

"ಹೊಟ್ಟು ತೂರಿದ್ರ ನಿನ್ನ ಹುಟ್ಟು ಕಾಣ್ತದ, ಹೊಟ್ಟಿಕಿಚ್ಚಿಗೇ ನಿನ್ನ ಹೊಟ್ಟಿ ತುಂಬ್ತದ."

ಒಂದೇ ಉಸಿರಿನಲ್ಲಿ ಹೇಳಿ ಮುಂದಿನ ಸಾಲಿಗೆ ಓಡಿದೆ. ಯಾರೂ ಕಿಸಕ್ ಅನ್ನಲಿಲ್ಲ.

ಎದುರಿಗಿದ್ದವನು ಬೀದರ್ ಹುಡುಗ. ಹತ್ತಿರ ಬಂದು ನನ್ನ ಭುಜದ ಹೊಲಿಗೆಯನ್ನು ಎರಡು ಬೆರಳಲ್ಲಿ ಅಳೆದ. "ಅಣ್ಣಾ, ಈ ಅಂಗಿ ನಿಂದಾ…" ಅಂದು ನಿಂತ. ಜನರ ಕಡೆ ನೋಡಿದ. "…ನಿಮ್ಮಪ್ಪಂದಾ?" ಮಾಳಿಗೆ ಹಾರಿಹೋಗುವಷ್ಟು ನಗು. (ಅಂಗಿ ನಮ್ಮಪ್ಪನದೇ ಆಗಿತ್ತು.) ಸೋತೆ. ಬರವಣಿಗೆ ಗೊತ್ತಿಲ್ಲದ ಜನ ಅಂತ ವಾರಗಟ್ಟಲೆ ಬೈದುಕೊಂಡು ತಿರುಗಿದೆ.

ನಮ್ಮ ಮುತ್ಯಾ ಆಳಂದ ತಾಲೂಕಿನವರು. ಹರೆಯದಲ್ಲಿ ಗೀಗೀ ಪದ ಹಾಡುವ ಜನಪದ ಮೇಳದಲ್ಲಿ ದಪ್ಪು ಬಾರಿಸಿದವರು. ಗೀಗೀ ಮೇಳಗಳ ಹರದೇಶಿ-ನಾಗೇಶಿ ಅಂದರೆ ಅದೂ ಬ್ಯಾಟಲ್ಲೇ ಅಲ್ವಾ? ಒಂದು ಮೇಳ ಗಂಡು ಹೆಚ್ಚು ಅಂತ ಹಾಡುತ್ತೆ, ಇನ್ನೊಂದು ಹೆಣ್ಣು ಹೆಚ್ಚು ಅಂತ. ಬೆಳತನಕ ಸವಾಲು-ಜವಾಬು. ಊರಿಗೆ ಹೋದಾಗ ಅವರಿಗೆ ವಿಡಿಯೋ ತೋರಿಸಿದೆ.

"ತಮ್ಮಾ, ನಿನ್ನ ಹಿಂದ ಯಾರರ ಬೆನ್ನ ಹತ್ತ್ಯಾರೇನು? ಹಿಮ್ಮೇಳದವರು 'ಗೀಯ ಗೀಯ' ಅಂತ ಯಾಕ ಎಳೀತಾರ ಗೊತ್ತದೇನು?"

"ತಾಳಕ್ಕ, ಮುತ್ಯಾ."

"ತಾಳಕ್ಕೂ ಹೌದು. ಅಷ್ಟರಾಗ ಜನ ಹಿಂದಿನ ಮಾತು ಅಗದು ನುಂಗ್ತಾರ. ನೀ ತುತ್ತಿನ ಮ್ಯಾಲ ತುತ್ತು ತುರುಕಲಿಕತ್ತಿ."

ನಮಗೆ ಹಿಮ್ಮೇಳ ಇಲ್ಲ. ಹಾಗಾಗಿ ಸುಮ್ಮನಿರುವುದೇ ನಮ್ಮ ಗೀಯ ಗೀಯ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ನಿಲ್ಲುವ ಜಾಗಕ್ಕೆಲ್ಲ ಕೆಂಪು ಪೆನ್ನಿನಿಂದ ಗೀಟು ಹಾಕತೊಡಗಿದೆ. ಆಗ ಇನ್ನೊಂದು ತೊಂದರೆ ಕಂಡಿತು. ಕನ್ನಡದ ವಾಕ್ಯ ಕ್ರಿಯಾಪದದಲ್ಲಿ ಮುಗಿಯುತ್ತೆ. ಪ್ರಾಸವೆಲ್ಲ ಕಾಣ್ತದ-ತುಂಬ್ತದ ಅಂತ ಪುಕ್ಕಟೆ ಸಿಗುತ್ತೆ, ಆದರೆ ಹೊಡೆತದ ಮಾತು ನಡುವೆ ಸಿಕ್ಕಿ ಸಾಯುತ್ತೆ. "ನಿನ್ನ ಬೇಳೆ ಇಲ್ಲಿ ಬೇಯಂಗಿಲ್ಲ" ಅಂದರೆ ಹಳೇ ನುಡಿಗಟ್ಟು, ಅಷ್ಟೇ. ಕಟ್ಟೆ ಮೇಲೆ ಜಗಳ ಮಾಡುವವರು ಹಾಗೆ ಮಾತಾಡಲ್ಲ, ನಾಮಪದವನ್ನು ವಾಕ್ಯದ ಕೊನೆಗೆ ಎಳೆದು ಬಿಸಾಕುತ್ತಾರೆ. ನಾನೂ ತಿರುಗಿಸಿದೆ:

"ತೊಗರಿ ಕಣಜದಾಗ ಹುಟ್ಟೀನಿ, ಕಾಳು-ಹೊಟ್ಟು ಗೊತ್ತದ. ಎಷ್ಟ ಉರಿ ಹಚ್ಚಿದ್ರೂ ಇಲ್ಲಿ ಬೇಯಂಗಿಲ್ಲ…"

ಮುಂದಿನ ಸಲ ಇಷ್ಟು ಹೇಳಿ ನಿಂತೆ. "ನಿನ್ನ ಬೇಳೆ!" ಅಂತ ಜನರೇ ಕೂಗಿದರು. ಎದೆ ಝಲ್ಲೆಂದಿತು.

ಆದರೂ ಆಟ ತೋರಿಸುವುದೇ ಎಲ್ಲ ಅಂತ ನಾನು ಒಪ್ಪಲ್ಲ. ಒಬ್ಬ ಅಂಗಿ ಬಿಚ್ಚಿ ಎಸೆದ, ಇನ್ನೊಬ್ಬ ಮೂರೂ ರೌಂಡ್ ಬರೀ ಚೀರಿದ. ಆ ರಾತ್ರಿ ಗೆದ್ದರು ನಿಜ. ಎರಡನೇ ಸಲ ವಿಡಿಯೋ ನೋಡಿದರೆ ಆಕಳಿಕೆ ಬರುತ್ತೆ. ನಿಲ್ಲುವುದು ಕಲಿತರೆ ಸಾಲದು, ಜನ ಅಗಿಯೋಕೆ ಬಾಯಲ್ಲಿ ಏನಾದರೂ ಇರಬೇಕಲ್ಲ.

ಹೊಟ್ಟು-ಹುಟ್ಟಿನ ಸಾಲನ್ನು ನಾನು ಬಿಟ್ಟಿಲ್ಲ. ಅದೇ ಬೀದರ್ ಹುಡುಗ ಮತ್ತೆ ಎದುರಾದಾಗ ಮೂರನೇ ರೌಂಡಿನಲ್ಲಿ ಹೇಳಿದೆ, ಕೆಂಪು ಗೀಟು ಇದ್ದಲ್ಲೆಲ್ಲ ನಿಂತು, ಹಗೂರ. ಜನ ಈ ಸಲವೂ ಗಪ್‌ಚುಪ್. ಅವನೊಬ್ಬ ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದ.