ತಾಳ ಹಾಕುವವರ ಆಟ: ಬಾಲ್ಡರ್ಸ್ ಗೇಟ್ 3ರಲ್ಲಿ ಬಾರ್ಡ್ ಆಗುವುದು ಹೇಗೆ

ಬಾಲ್ಡರ್ಸ್ ಗೇಟ್ 3 ಎಂಬ ಕಂಪ್ಯೂಟರ್ ಆಟದಲ್ಲಿ ಬಾರ್ಡ್, ಅಂದರೆ ಹಾಡು ಮತ್ತು ಮಂತ್ರದಿಂದ ಗುಂಪಿಗೆ ನೆರವಾಗುವ ಪಾತ್ರ ಆರಿಸಿಕೊಂಡ ಹಲವರು ಮೊದಲ ಒಂದೆರಡು ಕಾಳಗದಲ್ಲೇ ಬೇಸತ್ತು ಬೇರೆ ಪಾತ್ರಕ್ಕೆ ಹಾರಿಬಿಡುತ್ತಾರೆ. ಕತ್ತಿ ಹಿಡಿದರೆ ಪೆಟ್ಟು ಹಗುರ, ಮಂತ್ರ ಹಾಕೋಣವೆಂದರೆ ಎರಡು ಸಲಕ್ಕೆ ಮುಗಿಯಿತು. ಪಕ್ಕದಲ್ಲಿ ಸಂಗಾತಿ ಯೋಧೆ ಲೇಝೆಲ್ ಒಂದೇ ಏಟಿಗೆ ಗಾಬ್ಲಿನ್ ಎಂಬ ಕುಳ್ಳ ಶತ್ರುವನ್ನು ಉರುಳಿಸುತ್ತಿದ್ದರೆ ಈ ಹಾಡುಗಾರ ಯಾಕೆ ಬೇಕು ಅನಿಸುವುದು ಸಹಜ. ಆದರೆ ಲೇಝೆಲ್ ಏಟು ತಾಗಿದ್ದು ಬಾರ್ಡ್ ಕೊಟ್ಟ ಹೆಚ್ಚುವರಿ ದಾಳದಿಂದಲೇ ಇರಬಹುದು. ಲೆಕ್ಕ ಹಾಕದವರ ಕಣ್ಣಿಗೆ ಅದು ಬೀಳುವುದಿಲ್ಲ. ಯಕ್ಷಗಾನದಲ್ಲಿ ಭಾಗವತರು ವೇಷ ಕಟ್ಟುವುದಿಲ್ಲ, ಆದರೂ ಇಡೀ ಆಟ ನಡೆಯುವುದು ಅವರ ತಾಳಕ್ಕೆ. ಬಾರ್ಡ್ ಆಡುವವರು ಕೂರಬೇಕಾದ ಜಾಗ ಅದು.

ಬೆಲ್ಜಿಯಂನ ಲೇರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ ಈ ಆಟ ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಐದನೇ ಆವೃತ್ತಿಯ ನಿಯಮಗಳ ಮೇಲೆ ನಿಂತಿದೆ. 20 ಮುಖದ ದಾಳ ಉರುಳಿಸಿ, ನಿಮ್ಮ ಅಂಕ ಕೂಡಿಸಿ, ಎದುರಿನ ಗುರಿಸಂಖ್ಯೆಯನ್ನು ಮುಟ್ಟಬೇಕು ಇಲ್ಲವೇ ದಾಟಬೇಕು. ಲೆವೆಲ್ 12ಕ್ಕೆ ಬೆಳವಣಿಗೆ ಮುಗಿಯುತ್ತದೆ. ಶುರುವಿನಲ್ಲೇ ಸಿಗುವ ಸಂಗಾತಿಗಳಾದ ಶ್ಯಾಡೋಹಾರ್ಟ್, ಅಸ್ಟೇರಿಯನ್, ಗೇಲ್, ಲೇಝೆಲ್, ವಿಲ್, ಕಾರ್ಲಾಕ್ ಇವರಲ್ಲಿ ಯಾರೂ ಬಾರ್ಡ್ ಅಲ್ಲ. ಹಾಗಾಗಿ ನಿಮ್ಮ ಮುಖ್ಯ ಪಾತ್ರವೇ ಬಾರ್ಡ್ ಆದರೆ ಗುಂಪಿನಲ್ಲಿ ಯಾರ ಕೆಲಸವೂ ಎರಡೆರಡು ಸಲ ಆಗುವುದಿಲ್ಲ.

ಮೊದಲ ಹೆಜ್ಜೆ: ಪಾತ್ರ ಕಟ್ಟುವುದು

ಗುಣಗಳಿಗೆ ಹಂಚಲು 27 ಅಂಕ ಇರುತ್ತವೆ. ಅದರ ಮೇಲೆ ಒಂದು ಗುಣಕ್ಕೆ 2, ಇನ್ನೊಂದಕ್ಕೆ 1 ಸೇರುತ್ತದೆ. ಕಣ್ಣು ಮುಚ್ಚಿ ಹೀಗೆ ಹಂಚಬಹುದು: ಕರಿಸ್ಮಾ (ವರ್ಚಸ್ಸು) 15, ಡೆಕ್ಸ್ಟೆರಿಟಿ (ಚುರುಕು) 15, ಕಾನ್‌ಸ್ಟಿಟ್ಯೂಷನ್ (ಮೈಗಟ್ಟು) 14, ವಿಸ್ಡಂ (ವಿವೇಕ) 10, ಉಳಿದೆರಡು 8. ಕರಿಸ್ಮಾಕ್ಕೆ 2 ಸೇರಿಸಿ 17 ಮಾಡಿ, ಡೆಕ್ಸ್ಟೆರಿಟಿಗೆ 1 ಸೇರಿಸಿ 16 ಮಾಡಿ. ಕರಿಸ್ಮಾ ನಿಮ್ಮ ಮಾತಿಗೂ ಮಂತ್ರಕ್ಕೂ ಬೇರು. ಡೆಕ್ಸ್ಟೆರಿಟಿಯನ್ನು ಕಡೆಗಣಿಸಬೇಡಿ: ಕಾಳಗದಲ್ಲಿ ಯಾರ ಸರದಿ ಮೊದಲು ಎಂಬುದನ್ನು ಈ ಆಟ 4 ಮುಖದ ಚಿಕ್ಕ ದಾಳದಿಂದ ತೀರ್ಮಾನಿಸುತ್ತದೆ, ಅದಕ್ಕೆ ಕೂಡುವುದು ಡೆಕ್ಸ್ಟೆರಿಟಿಯಿಂದ ಬರುವ ಅಂಕ (16 ಇದ್ದರೆ 3). ದಾಳ ಚಿಕ್ಕದಾದಷ್ಟೂ ಕೂಡುವ 3 ಅಂಕದ ತೂಕ ಜಾಸ್ತಿ. ಶತ್ರುಗಳನ್ನು ಅವರು ಚದುರುವ ಮೊದಲೇ ಕಟ್ಟಿಹಾಕಬೇಕಾದ ಬಾರ್ಡ್‌ಗೆ ಮೊದಲ ಸರದಿ ಸಿಗುವುದು ಅರ್ಧ ಗೆಲುವು.

ಕುಲದ ವಿಷಯದಲ್ಲಿ ಎರಡು ಆಯ್ಕೆ ಲಾಭದ್ದು. ಮನುಷ್ಯ ಅಥವಾ ಹಾಫ್ ಎಲ್ಫ್ ಆದರೆ ಗುರಾಣಿ ಹಿಡಿಯುವ ತರಬೇತಿ ಹುಟ್ಟಿನಿಂದಲೇ ಬರುತ್ತದೆ. ಲೆದರ್ ಆರ್ಮರ್‌ನಲ್ಲಿ 14 ಇರುವ ನಿಮ್ಮ ರಕ್ಷಣಾಂಕ ಗುರಾಣಿಯಿಂದ 16 ಆಗುತ್ತದೆ. ಹಾಫ್ಲಿಂಗ್ ಆದರೆ ದಾಳ 1 ಬಿದ್ದಾಗ ಮತ್ತೆ ಉರುಳಿಸುವ ಅದೃಷ್ಟ ಸಿಗುತ್ತದೆ. ಮಾತಿನಲ್ಲಿ 1 ಬಿದ್ದರೆ ಎಷ್ಟೇ ಅಂಕ ಕೂಡಿದರೂ ಸೋಲೇ ಆದ್ದರಿಂದ ಇದಕ್ಕೆ ಒಳ್ಳೆಯ ಬೆಲೆ ಇದೆ. ಒಂದು ಎಚ್ಚರಿಕೆ: ತರಬೇತಿ ಇಲ್ಲದ ಕುಲದವರ ಕೈಗೆ ಗುರಾಣಿ ಕೊಟ್ಟರೆ, ಅಥವಾ ಭಾರದ ಕವಚ ತೊಡಿಸಿದರೆ ಮಂತ್ರಗಳೇ ಕೆಲಸ ಮಾಡುವುದಿಲ್ಲ. ಮಂತ್ರದ ಗುಂಡಿಗಳೆಲ್ಲ ಮಂಕಾಗಿ ಕಂಡರೆ ಮೊದಲು ನೋಡಬೇಕಾದದ್ದು ಮೈಮೇಲಿನ ಸಾಮಾನು.

ಕೌಶಲಗಳನ್ನು ಆರಿಸುವಾಗ ಲೆವೆಲ್ 3ರಲ್ಲಿ ಎತ್ತ ಹೋಗುತ್ತೀರಿ ಎಂದು ಈಗಲೇ ಯೋಚಿಸಿ. ಆಗ ಬಾರ್ಡ್ ಒಂದು ಕಾಲೇಜನ್ನು, ಅಂದರೆ ತನ್ನ ಒಳದಾರಿಯನ್ನು, ಆರಿಸಿಕೊಳ್ಳಬೇಕು. ಲೋರ್ ಕಾಲೇಜಿಗೆ ಸೇರಿದರೆ ಇಂಟಿಮಿಡೇಷನ್ (ಬೆದರಿಸುವುದು), ಸ್ಲೈಟ್ ಆಫ್ ಹ್ಯಾಂಡ್ (ಕೈಚಳಕ), ಅರ್ಕಾನಾ (ಮಂತ್ರದ ತಿಳಿವು) ಮೂರೂ ಪುಕ್ಕಟೆ ಬರುತ್ತವೆ. ಅವನ್ನೇ ಲೆವೆಲ್ 1ರಲ್ಲಿ ತೆಗೆದುಕೊಂಡಿದ್ದರೆ ಆಯ್ಕೆ ದಂಡ. ಆ ದಾರಿಯವರು ಹಿನ್ನೆಲೆಯಾಗಿ ಗಿಲ್ಡ್ ಆರ್ಟಿಸನ್ ಆರಿಸಿ (ಮನವೊಲಿಸುವ ಪರ್ಸುಯೇಷನ್, ಎದುರಿನವರ ಮನಸ್ಸು ಓದುವ ಇನ್‌ಸೈಟ್ ಸಿಗುತ್ತದೆ), ಕೈಯಾರೆ ಡಿಸೆಪ್ಷನ್ (ಸುಳ್ಳು ನಂಬಿಸುವುದು), ಪರ್ಸೆಪ್ಷನ್ (ಗಮನಿಸುವುದು), ಸ್ಟೆಲ್ತ್ (ಅಡಗಿ ನಡೆಯುವುದು) ಸೇರಿಸಿಕೊಳ್ಳಲಿ. ಬೇರೆ ಕಾಲೇಜಿನವರಿಗೆ ಷಾರ್ಲಟನ್ ಹಿನ್ನೆಲೆ ಒಳ್ಳೆಯದು. ಡಿಸೆಪ್ಷನ್ ಮತ್ತು ಸ್ಲೈಟ್ ಆಫ್ ಹ್ಯಾಂಡ್ ಅದರಲ್ಲೇ ಇವೆ. ಬೀಗ ತೆಗೆಯುವುದೂ ಸ್ಲೈಟ್ ಆಫ್ ಹ್ಯಾಂಡ್‌ನಿಂದಲೇ ಆಗುವುದರಿಂದ ಅಸ್ಟೇರಿಯನ್ ಇಲ್ಲದೆಯೂ ಗುಂಪು ಕಟ್ಟಬಹುದು.

ಮಂತ್ರಗಳು: ನಾಲ್ಕರಲ್ಲಿ ಹೊಂದಿಸುವುದು

ಶುರುವಿನಲ್ಲಿ ಎರಡು ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಹಾಕಬಹುದಾದ ಸಣ್ಣ ಮಂತ್ರ), ನಾಲ್ಕು ಮಂತ್ರ, ಅವನ್ನು ಹಾಕಲು ಎರಡೇ ಸ್ಲಾಟ್ (ಒಂದು ಸಲ ಹಾಕಿದರೆ ಒಂದು ಖರ್ಚು). ಜೀವಾಂಕ ತುಂಬುವ ಹೀಲಿಂಗ್ ವರ್ಡ್ ಬಿಡುವ ಮಾತೇ ಇಲ್ಲ. ಡಿಸೊನೆಂಟ್ ವಿಸ್ಪರ್ಸ್ 6 ಮುಖದ ಮೂರು ದಾಳದಷ್ಟು ಪೆಟ್ಟು ಕೊಟ್ಟು, ತಡೆಯಲಾಗದವರನ್ನು ಹೆದರಿಸಿ ನಿಂತಲ್ಲೇ ನಿಲ್ಲಿಸುತ್ತದೆ. ಫೇರಿ ಫೈರ್ ಬೆಳಗಿಸಿದ ಶತ್ರುಗಳ ಮೇಲೆ ನಿಮ್ಮವರೆಲ್ಲರಿಗೂ ಅಡ್ವಾಂಟೇಜ್, ಅಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಅನುಕೂಲ. ನಾಲ್ಕನೆಯದಾಗಿ ಲಾಂಗ್‌ಸ್ಟ್ರೈಡರ್. ಇದು ರಿಚುವಲ್ ಮಂತ್ರವಾದ್ದರಿಂದ ಕಾಳಗದ ಹೊರಗೆ ಸ್ಲಾಟ್ ಖರ್ಚಾಗುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ನಾಲ್ವರಿಗೂ ಹಾಕಿಬಿಡಿ. ಮುಂದಿನ ದೊಡ್ಡ ವಿಶ್ರಾಂತಿಯವರೆಗೆ ಎಲ್ಲರ ಓಡಾಟ 3 ಮೀಟರ್ ಹೆಚ್ಚು. ಮೊದಲೆರಡು ಲೆವೆಲ್‌ನಲ್ಲಿ ಸ್ಲೀಪ್ ಕೂಡ ಭಾರೀ ಕೆಲಸದ್ದು: ಒಟ್ಟು 24 ಜೀವಾಂಕದೊಳಗಿನ ಶತ್ರುಗಳು ಯಾವ ಪ್ರತಿರೋಧದ ದಾಳವೂ ಇಲ್ಲದೆ ಮಲಗುತ್ತಾರೆ. ಶತ್ರುಗಳ ಜೀವಾಂಕ ಏರಿದ ಮೇಲೆ ಅದು ನಿಷ್ಪ್ರಯೋಜಕ, ಆಗ ಬದಲಿಸಿಕೊಳ್ಳಿ. ಪ್ರತಿ ಲೆವೆಲ್‌ಗೆ ಒಂದು ಹಳೆಯ ಮಂತ್ರ ಬಿಟ್ಟು ಹೊಸದು ಕಲಿಯಬಹುದು.

ಬಾರ್ಡ್ ಮಂತ್ರಗಳಲ್ಲಿ ಹಲವು ಕಾನ್‌ಸಂಟ್ರೇಷನ್, ಅಂದರೆ ಬಿಡದ ಏಕಾಗ್ರತೆ ಬೇಡುತ್ತವೆ. ಒಂದು ಸಲಕ್ಕೆ ಒಂದನ್ನೇ ಹಿಡಿದಿಡಲು ಸಾಧ್ಯ. ಫೇರಿ ಫೈರ್ ಉರಿಯುತ್ತಿರುವಾಗ ಶತ್ರುವನ್ನು ಅಲ್ಲಾಡದಂತೆ ಕಟ್ಟಿಹಾಕುವ ಹೋಲ್ಡ್ ಪರ್ಸನ್ ಹಾಕಿದರೆ ಮೊದಲನೆಯದು ಆರಿಹೋಗುತ್ತದೆ. ಪೆಟ್ಟು ಬಿದ್ದಾಗಲೂ ಹಿಡಿತ ತಪ್ಪಬಹುದು: 10 ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದನ್ನು ಕಾನ್‌ಸ್ಟಿಟ್ಯೂಷನ್ ದಾಳದಲ್ಲಿ ಮುಟ್ಟಬೇಕು. 14 ಇದ್ದವರಿಗೆ 10 ಮುಟ್ಟುವ ಸಂಭವ ಶೇ 65. ವಾರ್ ಕಾಸ್ಟರ್ ಎಂಬ ಫೀಟ್ (ಕೆಲವು ಲೆವೆಲ್‌ಗಳಲ್ಲಿ ಆರಿಸಿಕೊಳ್ಳುವ ವಿಶೇಷ ಸಾಮರ್ಥ್ಯ) ತೆಗೆದುಕೊಂಡರೆ ಇದಕ್ಕೂ ಅಡ್ವಾಂಟೇಜ್ ಸಿಕ್ಕಿ ಶೇ 88ರ ಹತ್ತಿರ. ಮಂತ್ರ ಹಾಕಿ ಮುಂದೆಯೇ ನಿಂತಿರುವುದು ಹೊಸಬರ ಅತಿ ದುಬಾರಿ ತಪ್ಪು. ಹಾಕಿ, ಕಂಬದ ಹಿಂದೆ ಸರಿಯಿರಿ.

ಕಾಳಗದಲ್ಲಿ ಒಂದು ಸರದಿ

ಪ್ರತಿ ಸರದಿಗೆ ಒಂದು ಆಕ್ಷನ್ (ಮುಖ್ಯ ಕೆಲಸ), ಒಂದು ಬೋನಸ್ ಆಕ್ಷನ್ (ಜೊತೆಗೊಂದು ಸಣ್ಣ ಕೆಲಸ). ಬಾರ್ಡ್ ಆಡುವವರು ಸೋಲುವುದು ಬೋನಸ್ ಆಕ್ಷನ್ ಖಾಲಿ ಬಿಟ್ಟು.

ಬಾರ್ಡಿಕ್ ಇನ್‌ಸ್ಪಿರೇಷನ್ ಕೊಡುವುದು ಬೋನಸ್ ಆಕ್ಷನ್‌ನಲ್ಲೇ. 18 ಮೀಟರ್ ಒಳಗಿನ ಸಂಗಾತಿಗೆ 6 ಮುಖದ ಒಂದು ದಾಳ ಕೊಡುತ್ತೀರಿ. ಲೆವೆಲ್ 5ಕ್ಕೆ ಅದು 8 ಮುಖದ್ದು, 10ಕ್ಕೆ 10 ಮುಖದ್ದು ಆಗುತ್ತದೆ. ದಾಳಿಗೋ ಕೌಶಲಕ್ಕೋ ಪ್ರತಿರೋಧಕ್ಕೋ ಅದು ಕೂಡುತ್ತದೆ. ನಿಮಗೆ ನೀವೇ ಕೊಟ್ಟುಕೊಳ್ಳಲಾಗದು. ಯಾರಿಗೆ ಕೊಡಬೇಕು? ತಪ್ಪಿದರೆ ಅತಿ ನಷ್ಟ ಯಾರದೋ ಅವರಿಗೆ. ಗ್ರೇಟ್ ವೆಪನ್ ಮಾಸ್ಟರ್ ಫೀಟ್ ಇರುವ ಲೇಝೆಲ್ ಗುರಿಯಲ್ಲಿ 5 ಕಳೆದುಕೊಂಡು ಪೆಟ್ಟಿನಲ್ಲಿ 10 ಗಳಿಸುತ್ತಾಳೆ; ಆ 5ನ್ನು ತುಂಬಿಕೊಡುವುದು ನಿಮ್ಮ ದಾಳ. ಶುರುವಿನಲ್ಲಿ ಇಂಥ ಮೂರು ದಾಳ ನಿಮ್ಮ ಬಳಿ ಇರುತ್ತವೆ. ಬೇಕಾದೀತೆಂದು ಕೂಡಿಟ್ಟು, ರಾತ್ರಿ ಮಲಗುವಾಗ ಮೂರೂ ಹಾಗೇ ಉಳಿದರೆ ಅವತ್ತಿನ ಬಾರ್ಡ್ ಅರ್ಧ ಆಡಿದಂತೆ.

ಹೆಸರಿನ ಗೊಂದಲ ಇಲ್ಲೇ ಬಿಡಿಸಿಕೊಳ್ಳಿ. ಮಾತುಕತೆಯಲ್ಲಿ ದಾಳ ಸೋತಾಗ ಮತ್ತೆ ಉರುಳಿಸಲು ಸಿಗುವ ‘ಇನ್‌ಸ್ಪಿರೇಷನ್’ ಬೇರೆಯೇ. ಅದು ಪಾತ್ರದ ಹಿನ್ನೆಲೆಗೆ ತಕ್ಕ ಕೆಲಸ ಮಾಡಿದಾಗ ಬರುತ್ತದೆ, ಗರಿಷ್ಠ ನಾಲ್ಕು ಕೂಡಿಡಬಹುದು.

ಆಕ್ಷನ್‌ಗೆ ಒಳ್ಳೆಯ ಮಂತ್ರ ಇಲ್ಲದಿದ್ದರೆ ವಿಷಸ್ ಮಾಕರಿ ಎಂಬ ಬೈಗುಳದ ಕ್ಯಾಂಟ್ರಿಪ್ ಇದೆ. ಮಧ್ಯಯುಗದ ಐರ್ಲೆಂಡಿನಲ್ಲಿ ಕವಿಯ ನಿಂದಾಪದ್ಯಕ್ಕೆ ಗುರಿಯಾದವನ ಮುಖದ ಮೇಲೆ ಬೊಕ್ಕೆ ಏಳುತ್ತವೆ ಎಂಬ ನಂಬಿಕೆಯಿತ್ತು; ಮಾತೇ ಆಯುಧವಾಗುವ ಈ ಕಲ್ಪನೆಗೆ ಅಷ್ಟು ಹಳೆಯ ಬಂಧು ಇದೆ. ಶುರುವಿನಲ್ಲಿ ಪೆಟ್ಟು 4 ಮುಖದ ಒಂದೇ ದಾಳ, ಅದನ್ನು ನೆಚ್ಚಬೇಡಿ. ಇದರ ಸತ್ವ ಇರುವುದು ಎದುರಾಳಿಯ ಮುಂದಿನ ಒಂದು ದಾಳಿ ದುರ್ಬಲವಾಗುವುದರಲ್ಲಿ. ಆದ್ದರಿಂದ ಮೇಲಿನ ಸರದಿಪಟ್ಟಿ ನೋಡಿ, ನಿಮ್ಮ ನಂತರ ಬರುವ, ಆಯುಧದಿಂದ ಬಲವಾಗಿ ಒಂದೇ ಏಟು ಹೊಡೆಯುವವನ ಮೇಲೆ ಹಾಕಿ. ಮೂರು ಸಲ ಹೊಡೆಯುವವನಿಗೆ ಮೊದಲ ಏಟು ಮಾತ್ರ ಕೆಡುತ್ತದೆ. ನೀವೇ ದಾಳ ಉರುಳಿಸಿ ತಡೆಯಬೇಕಾದ ಮಂತ್ರ ಹಾಕುವವನ ಮೇಲೆ ಬೈದದ್ದು ವ್ಯರ್ಥ.

ಈ ಬೈಗುಳ, ಡಿಸೊನೆಂಟ್ ವಿಸ್ಪರ್ಸ್, ಹೋಲ್ಡ್ ಪರ್ಸನ್, ಮುಂದೆ ಲೆವೆಲ್ 5ರಲ್ಲಿ ಬರುವ ಹಿಪ್ನಾಟಿಕ್ ಪ್ಯಾಟರ್ನ್ ಎಲ್ಲವೂ ಶತ್ರುವಿನ ವಿಸ್ಡಂ ಮೇಲೆ ನಿಂತಿವೆ. ಕಂಪ್ಯೂಟರಿನಲ್ಲಿ ಟಿ ಕೀಲಿ ಒತ್ತಿದರೆ ಎದುರಾಳಿಯ ಗುಣಗಳ ಪಟ್ಟಿ ತೆರೆಯುತ್ತದೆ; ವಿಸ್ಡಂ ಕಡಿಮೆ ಇರುವ ದಾಂಡಿಗರನ್ನು ಆರಿಸಿ, ಪೂಜಾರಿಗಳಂಥವರನ್ನು ಬಿಲ್ಲಿನವರಿಗೆ ಬಿಡಿ. ಹಿಪ್ನಾಟಿಕ್ ಪ್ಯಾಟರ್ನ್‌ನಲ್ಲಿ ಸಿಕ್ಕಿದವರು ಸಣ್ಣ ಪೆಟ್ಟು ಬಿದ್ದರೂ ಎಚ್ಚರಾಗುತ್ತಾರೆ. ಮೂವರನ್ನು ಮರುಳು ಮಾಡಿ ನಿಲ್ಲಿಸಿದ ಮೇಲೆ ಗೇಲ್ ಅಲ್ಲಿಗೇ ಬೆಂಕಿಯುಂಡೆ ಎಸೆದರೆ ನಿಮ್ಮ ಸ್ಲಾಟ್ ಸುಟ್ಟಂತೆ. ಹೊರಗುಳಿದವರನ್ನು ಮೊದಲು ಮುಗಿಸಿ.

ಹೀಲಿಂಗ್ ವರ್ಡ್ ಕೂಡ ಬೋನಸ್ ಆಕ್ಷನ್. ಅರ್ಧ ಜೀವ ಇರುವವರಿಗೆ ಸುರಿದರೆ ಲಾಭವಿಲ್ಲ, 4 ಮುಖದ ದಾಳಕ್ಕೆ ಕರಿಸ್ಮಾ ಅಂಕ ಕೂಡಿದಷ್ಟೇ ಬರುತ್ತದೆ. ಯಾರಾದರೂ ಕುಸಿದು ಬಿದ್ದಾಗ, ಅವರ ಸರದಿ ಬರುವ ಮುಂಚೆ, ದೂರದಿಂದಲೇ ಎಬ್ಬಿಸಲು ಇಟ್ಟುಕೊಳ್ಳಿ. ಮೇಜಿನ ಮೇಲಿನ ಆಟದಲ್ಲಿ ಒಂದೇ ಸರದಿಗೆ ಎರಡು ಸ್ಲಾಟ್ ಮಂತ್ರಕ್ಕೆ ತಡೆ ಇದೆ. ಇಲ್ಲಿ ಆ ತಡೆ ಇಲ್ಲ. ಬಿದ್ದವರನ್ನು ಎಬ್ಬಿಸಿ, ಅದೇ ಸರದಿಯಲ್ಲಿ ಡಿಸೊನೆಂಟ್ ವಿಸ್ಪರ್ಸ್ ಹಾಕಬಹುದು.

ಲೆವೆಲ್ 3: ಕಾಲೇಜು

ಗುಂಪಿಗೆ ಆಧಾರವಾಗಬೇಕೆಂದರೆ ಲೋರ್. ಅದರ ಕಟಿಂಗ್ ವರ್ಡ್ಸ್ ಶತ್ರುವಿನ ದಾಳದಿಂದ ನಿಮ್ಮ ದಾಳದಷ್ಟು ಕಳೆಯುತ್ತದೆ. ರಿಯಾಕ್ಷನ್ (ಬೇರೆಯವರ ಸರದಿಯಲ್ಲಿ ಕೊಡುವ ಪ್ರತಿಕ್ರಿಯೆ) ಪಟ್ಟಿಯಲ್ಲಿ ಅದನ್ನು ‘ಆಸ್ಕ್’, ಅಂದರೆ ಮೊದಲು ಕೇಳು, ಎಂದು ಇಡಿ, ಇಲ್ಲದಿದ್ದರೆ ಪುಡಿ ಗಾಬ್ಲಿನ್‌ಗೂ ಖರ್ಚಾಗಿಬಿಡುತ್ತದೆ. ಲೆವೆಲ್ 6ರಲ್ಲಿ ಬೇರೆ ವರ್ಗಗಳ ಎರಡು ಮಂತ್ರ ಕಲಿಯಬಹುದು. ಒಂದು ಶತ್ರುವಿನ ಮಂತ್ರವನ್ನು ತಡೆಯುವ ಕೌಂಟರ್‌ಸ್ಪೆಲ್ ಆಗಿರಲಿ.

ಸೋರ್ಡ್ಸ್ ಕಾಲೇಜಿನವರು ಇನ್‌ಸ್ಪಿರೇಷನ್ ದಾಳಗಳನ್ನು ತಮ್ಮ ಆಯುಧಕ್ಕೇ ಸುರಿಯುತ್ತಾರೆ. ಸ್ಲ್ಯಾಷಿಂಗ್ ಫ್ಲರಿಷ್ ಅನ್ನು ಬಿಲ್ಲಿನಿಂದ ಬಳಸಿದರೆ ಒಂದೇ ಗುರಿಗೆ ಎರಡು ಬಾಣ. ಲೆವೆಲ್ 6ರಲ್ಲಿ ಎರಡು ದಾಳಿ ಸಿಕ್ಕಾಗ ನಾಲ್ಕು. ಹೊಡೆತ ಬೇಕೇ ಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಬಾರ್ಡ್‌ನಲ್ಲಿ ಇಲ್ಲ, ಆದರೆ ಸಂಗಾತಿಗಳಿಗೆ ಕೊಡಲು ದಾಳ ಉಳಿಯುವುದು ಕಷ್ಟ. ವೇಲರ್ ಕಾಲೇಜು ಗುರಾಣಿ, ಭಾರೀ ಆಯುಧಗಳ ತರಬೇತಿ ಕೊಡುತ್ತದೆ. ಸೋರ್ಡ್ಸ್ ಪಕ್ಕದಲ್ಲಿ ಸಪ್ಪೆ. 2025ರ ಏಪ್ರಿಲ್‌ನ ಎಂಟನೇ ಪ್ಯಾಚ್ ಗ್ಲಾಮರ್ ಕಾಲೇಜನ್ನು ಸೇರಿಸಿತು. ಸಂಗಾತಿಗಳಿಗೆ ತಾತ್ಕಾಲಿಕ ಜೀವಾಂಕ ಹೊದಿಸುವುದು ಅದರ ಕಸುಬು.

ಮಾತಿನ ಲೆಕ್ಕ

ಗುರಿಸಂಖ್ಯೆ 15 ಎಂದುಕೊಳ್ಳಿ. ಲೆವೆಲ್ 1ರಲ್ಲಿ ಪರ್ಸುಯೇಷನ್‌ಗೆ 5 ಕೂಡುತ್ತದೆ, ಗೆಲ್ಲುವ ಸಂಭವ ಶೇ 55. ಲೆವೆಲ್ 3ರಲ್ಲಿ ಎರಡು ಕೌಶಲಕ್ಕೆ ಎಕ್ಸ್‌ಪರ್ಟೀಸ್ (ತರಬೇತಿಯ ಅಂಕ ಇಮ್ಮಡಿ) ಸಿಗುತ್ತದೆ. ಪರ್ಸುಯೇಷನ್‌ಗೆ ಒಂದನ್ನು ಕೊಟ್ಟರೆ ಶೇ 65. ಲೆವೆಲ್ 4ರ ಫೀಟ್‌ನಲ್ಲಿ ಕರಿಸ್ಮಾ 18 ಮಾಡಿ, ಲೆವೆಲ್ 5 ತಲುಪಿದಾಗ ಶೇ 80. ಅಡ್ವಾಂಟೇಜ್ ಇದ್ದರೆ ಶೇ 96. ಅಡ್ವಾಂಟೇಜ್‌ಗೆ ಎನ್‌ಹ್ಯಾನ್ಸ್ ಎಬಿಲಿಟಿ ಮಂತ್ರ ಸಾಕು. ಫ್ರೆಂಡ್ಸ್ ಕ್ಯಾಂಟ್ರಿಪ್ ಕೂಡ ಕೊಡುತ್ತದೆ, ಆದರೆ ಪರಿಣಾಮ ಇಳಿದ ಮೇಲೆ ತನ್ನನ್ನು ಮರುಳು ಮಾಡಿದ್ದು ಎದುರಿನವರಿಗೆ ತಿಳಿದು ಜಗಳವಾಗಬಹುದು. ಮತ್ತೆ ಸಿಗದ ಪ್ರಯಾಣಿಕರಿಗೆ ಬಳಸಿ, ದಿನಾ ಹೋಗುವ ಅಂಗಡಿಯವರಿಗೆ ಬೇಡ. ಶ್ಯಾಡೋಹಾರ್ಟ್ ಗೈಡೆನ್ಸ್ ಕಲಿತಿದ್ದರೆ ಇನ್ನೊಂದು 4 ಮುಖದ ದಾಳ ಕೂಡುತ್ತದೆ.

ಇಷ್ಟೆಲ್ಲ ಸಜ್ಜಾದರೂ ಒಂದು ಸಣ್ಣ ವಿಷಯಕ್ಕೆ ಕೆಲಸ ಕೆಡುತ್ತದೆ: ಮಾತು ಶುರುಮಾಡುವುದು ಆ ಹೊತ್ತಿಗೆ ನೀವು ನಡೆಸುತ್ತಿರುವ ಪಾತ್ರ. ಬೀಗ ತೆಗೆಯಲೆಂದು ಅಸ್ಟೇರಿಯನ್‌ನನ್ನು ಮುಂದೆ ಬಿಟ್ಟು ಹಾಗೇ ಬಾಗಿಲು ದಾಟಿದರೆ ಒಳಗಿನ ಕಾವಲುಗಾರನಿಗೆ ಉತ್ತರ ಕೊಡಬೇಕಾದವನು ಅವನೇ. ಹೊಸ ಕೋಣೆಗೆ ಕಾಲಿಡುವ ಮೊದಲು ಬಾರ್ಡ್‌ಗೆ ಬದಲಿಸಿ.

ವಾದ್ಯ ನುಡಿಸುವುದನ್ನು ಅಲಂಕಾರವೆಂದು ಬಿಡಬೇಡಿ. ಊರಿನ ನಡುವೆ ನಿಂತು ನುಡಿಸಿದರೆ ಜನ ಸೇರುತ್ತಾರೆ, ಮೆಚ್ಚಿದವರು ನಾಣ್ಯ ಎಸೆಯುತ್ತಾರೆ. ಅವರ ಗಮನ ನಿಮ್ಮ ಮೇಲಿರುವಾಗ, ಗುಂಪಿನಿಂದ ಬಿಡಿಸಿದ ಇನ್ನೊಬ್ಬ ಸಂಗಾತಿ ಹಿಂದಿನ ಪೆಟ್ಟಿಗೆ ನೋಡಿಕೊಳ್ಳಬಹುದು.

ವಿಶ್ರಾಂತಿ

ದೊಡ್ಡ ವಿಶ್ರಾಂತಿಗೆ ಸಾಮಾನ್ಯ ಮಟ್ಟದಲ್ಲಿ 40 ಕ್ಯಾಂಪ್ ಸಾಮಗ್ರಿ ಬೇಕು. ಅದರ ನಡುವೆ ಎರಡು ಚಿಕ್ಕ ವಿಶ್ರಾಂತಿ ಎಲ್ಲರಿಗೂ ಇವೆ. ಲೆವೆಲ್ 2ರ ಸಾಂಗ್ ಆಫ್ ರೆಸ್ಟ್ ಮೂರನೆಯದನ್ನು ಕೊಡುತ್ತದೆ. ಚಿಕ್ಕ ವಿಶ್ರಾಂತಿಯಲ್ಲಿ ವಿಲ್‌ನ ಸ್ಲಾಟ್, ಒಂದು ಸರದಿಗೆ ಇನ್ನೊಂದು ಆಕ್ಷನ್ ಕೊಡುವ ಲೇಝೆಲ್‌ಳ ಆಕ್ಷನ್ ಸರ್ಜ್ ಮರಳುವುದರಿಂದ ಈ ಇಬ್ಬರಿಗೂ ಬಾರ್ಡ್ ಜೊತೆ ಚೆನ್ನಾಗಿ ಹೊಂದುತ್ತದೆ. ಲೆವೆಲ್ 5ರಿಂದ ನಿಮ್ಮ ಇನ್‌ಸ್ಪಿರೇಷನ್ ಕೂಡ ಚಿಕ್ಕ ವಿಶ್ರಾಂತಿಗೇ ತುಂಬಿಕೊಳ್ಳುತ್ತದೆ: ದಿನಕ್ಕೆ ನಾಲ್ಕು ಸಲ ತುಂಬಿದ ಚೀಲ. ಅಲ್ಲಿಂದಾಚೆ ಕೂಡಿಡುವ ಕಾರಣವೇ ಉಳಿಯುವುದಿಲ್ಲ.

ಆಯ್ಕೆ ತಪ್ಪಿತೆಂದು ಆಟ ಮೊದಲಿನಿಂದ ಶುರುಮಾಡಬೇಕಿಲ್ಲ. ಆಟದ ಶುರುವಿನಲ್ಲಿ ಹಡಗು ಬಿದ್ದ ತೀರದ ಹತ್ತಿರದ ನೆಲಮಾಳಿಗೆಯಲ್ಲಿ ಮಲಗಿರುವ ವಿದರ್ಸ್ ಎಂಬ ಪಾತ್ರವನ್ನು ಎಬ್ಬಿಸಿದರೆ ಅವನು ನಿಮ್ಮ ಬಿಡಾರಕ್ಕೆ ಬರುತ್ತಾನೆ. 100 ಚಿನ್ನದ ನಾಣ್ಯಕ್ಕೆ ಗುಣ, ಕೌಶಲ, ಮಂತ್ರ, ಕಾಲೇಜು ಎಲ್ಲವನ್ನೂ ಹೊಸದಾಗಿ ಆರಿಸಿಕೊಳ್ಳಬಹುದು. ಕುಲ ಮತ್ತು ಹಿನ್ನೆಲೆ ಮಾತ್ರ ಬದಲಾಗುವುದಿಲ್ಲ. ಅವೆರಡನ್ನು ಮೊದಲ ದಿನವೇ ನಿಧಾನವಾಗಿ ಯೋಚಿಸಿ ಆರಿಸಿ.